ಪೀಪಿ ಊದಿದೆ

ಮಂಗಳವಾರ, 6 ಡಿಸೆಂಬರ್ 1955. ತೀರ್ಥಹಳ್ಳಿ

ಯಾರದು, ಕೈ ತೊಳೆಯದೆ ನನ್ನ ಪುಸ್ತಕ ಬಿಚ್ಚಿದ್ದು? ಪರರ ಅಡಿಗೆಮನೆ ಇಣುಕಿದವರಿಗೆ ಕಣ್ಣಿನಲ್ಲಿ ಕುರು ಏಳುತ್ತದೆ. ಪರರ ಬರಹ ಓದಿದವರಿಗೆ ಎಲ್ಲಿ ಏಳುತ್ತದೆಂದು ನಾನು ಬಾಯಿಬಿಟ್ಟು ಹೇಳುವುದಿಲ್ಲ, ಕೂರುವಾಗ ಗೊತ್ತಾಗುತ್ತದೆ. ಮುಚ್ಚು. ಇನ್ನೂ ಮುಚ್ಚಲಿಲ್ಲವೇ? ನಾಚಿಕೆ ಮಾರಿ ಕಡಲೆ ತಿಂದ ವಂಶ ನಿನ್ನದು. ಸರಿ, ಓದಿ ಸಾಯಿ. ಆದರೆ ಸುಬ್ಬರಾಯನ ಕಿವಿಗೆ ಇದರಲ್ಲಿ ಒಂದಕ್ಷರ ಬಿದ್ದರೂ ನಿನ್ನ ಮನೆಯ ಮದುವೆಗೆ ಡೋಲಲ್ಲ, ತಗಡಿನ ಡಬ್ಬವೂ ಸಿಗದ ಹಾಗೆ ಮಾಡುತ್ತೇನೆ.

ನಾನು ದುಗ್ಗಮ್ಮ. ಮೂರನೇ ಕ್ಲಾಸಿನವರೆಗೆ ಓದಿದವಳು. ನಮ್ಮದು ಓಲಗದ ಮನೆ. ಮನೆಯವರು ನಾಗಸ್ವರ ಊದಿಕೊಂಡು ಬದುಕಿ, ಊದಿಕೊಂಡೇ ಹೋದರು. ಈಗ ಮಗ ಚಂದ್ರಯ್ಯ ಊದುತ್ತಾನೆ. ನಾಗಸ್ವರದ ಬಾಯಿಗೆ ಸಿಕ್ಕಿಸುವ ಪೀಪಿ ಮಾಡುವವಳು ನಾನು. ಹೊಳೆದಡದ ಲಾಳವೆಂಬ ಜೊಂಡಿನ ಕಡ್ಡಿ ತಂದು, ಬೇಯಿಸಿ, ಒಣಗಿಸಿ, ಎರಡು ತುಟಿಯಂತೆ ತೆಳ್ಳಗೆ ಕೆತ್ತಿ ನೂಲು ಸುತ್ತಬೇಕು. ಹೆಂಗಸರು ಪೀಪಿ ಕೆತ್ತಬಹುದು, ಬಾಯಿಗಿಡಬಾರದು. ಮಂಗಳವಾದ್ಯ. ಅದು ಸರಿಯೇ.

ನಿನ್ನೆ ಹೂವಯ್ಯಗೌಡರ ಮನೆಯಲ್ಲಿ ಮದುವೆ. ಹೊಸ ಶೋಕಿಗೆ ಸಾಗರದ ಸುಬ್ಬರಾಯನನ್ನೂ ಕರೆಸಿದ್ದರು. ಅವನದು ಕ್ಲಾರಿಯೊನೆಟ್ ಎಂಬ ಕರಿಯ ಕೊಳವೆ, ಜೊತೆಗೆ ಶ್ರುತಿಗೊಂದು ಹಾರ್ಮೋನಿಯಂ. ಬೆಳಗಿನ ಜಾವದ ಮುಹೂರ್ತ. ಮಂಜು ಹಿಟ್ಟಿನಂತೆ ಸುರಿಯುತ್ತಿತ್ತು. ಚಂದ್ರಯ್ಯನನ್ನೂ ನಮ್ಮ ಡೋಲಿನ ಕನ್ನಪ್ಪನನ್ನೂ ಚಪ್ಪರದಾಚೆ ಕೂರಿಸಿದ್ದರು. ಧಾರೆಯ ಹೊತ್ತಿಗೆ ಕರೆದರು, ನನ್ನ ಮಗ ಒಳಗೆ ಬಂದು ಊದಿದ. ಹಾರ್ಮೋನಿಯಂ ಒಂದು ಕಡೆ, ನಮ್ಮ ನಾಗಸ್ವರದ ಶ್ರುತಿ ಅದಕ್ಕಿಂತ ಕೂದಲೆಳೆ ಕೆಳಗೆ.

ಸುಬ್ಬರಾಯ ಕೈ ಎತ್ತಿದ. "ಸಾಕು ಸಾಕು ಮಾರಾಯ. ಇದೆಂತಾ ನಾಗಸ್ವರವೋ, ಕೊಟ್ಟಿಗೇಲಿ ಎಮ್ಮೆ ಈಯ್ತಾ ಉಂಟೋ?"

ಚಪ್ಪರವೆಲ್ಲ ನಕ್ಕಿತು. ಗೌಡರು, "ಚಂದ್ರ, ನೀನು ಊಟದ ಹೊತ್ತಿಗೆ ಊದಿದ್ರೆ ಸಾಕು ಬಿಡು" ಎಂದರು. ಎಂಜಲೆಲೆ ಎತ್ತುವಾಗ ಊದಬೇಕಂತೆ ನನ್ನ ಮಗ. ಹೆಂಗಸರ ಸಾಲಿನಲ್ಲಿ ನಗದೆ ಕೂತವಳು ನಾನೊಬ್ಬಳೇ.

ಬಾಯಲ್ಲಿ ಹೇಳಿದರೆ ಊರಿಗೆ ಹೋಗುತ್ತದೆ, ಹೊಟ್ಟೆಯಲ್ಲಿಟ್ಟರೆ ಹುಳಿಯುತ್ತದೆ. ಅದಕ್ಕೆ ಬರೆದಿಡುತ್ತಿದ್ದೇನೆ: ಆ ಸುಬ್ಬರಾಯನನ್ನು ಅಷ್ಟೇ ಜನರೆದುರು ಶ್ರುತಿ ತಪ್ಪಿಸಿ ತಲೆ ತಗ್ಗಿಸದೆ ನಾನು ಸಾಯುವುದಿಲ್ಲ. ಯಮ ಬಂದರೆ ಜಗಲಿಯಲ್ಲಿ ಕಾಯಲಿ.

ಶನಿವಾರ, 10 ಡಿಸೆಂಬರ್

ಚಂದ್ರಯ್ಯ ನಾಗಸ್ವರವನ್ನು ಚೀಲಕ್ಕೆ ತುರುಕಿ ಮೊಳೆಗೆ ನೇತುಹಾಕಿದ. ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಾನಂತೆ.

"ಮಾಘದಲ್ಲಿ ಹೊಸನಗರದ ಗಣೇಶಮೂರ್ತಿಗಳ ಮನೆ ಮದ್ವೆ ಒಪ್ಕಂಡಿದ್ಯಲ್ಲೋ?"

"ಅಲ್ಲಿಗೂ ಅವ್ನು ಬತ್ತಾನಂತೆ ಅವ್ವ. ಅವ್ನೇ ಊದ್ಲಿ."

ಆ ಮನೆ ಬಿಟ್ಟರೆ ಅದನ್ನು ನೋಡಿ ಹುಂಚದ ಶೆಟ್ಟರ ಮನೆಯ ಓಲಗವೂ ಹೋಗುತ್ತದೆ, ಹುಂಚ ನೋಡಿ ಉಳಿದ ಮನೆಗಳೆಲ್ಲ. ಓಲಗದ ಮನೆ ಎಂಬ ಹೆಸರು ನನ್ನ ಕಣ್ಣೆದುರಿಗೇ ಮೂಟೆಯವರ ಮನೆ ಎಂದಾಗುತ್ತದೆ. ಅಷ್ಟು ಹೇಳಿ ಬೈದೆ. ಅವನು ಕಂಬಳಿ ಹೊದ್ದು ಮಲಗಿದ.

ಸೊಸೆ ಅಲ್ಲೇ ಕೂಸನ್ನು ಸೊಂಟಕ್ಕೇರಿಸಿ ನಿಂತಿದ್ದಳು, ಸೌದೆ ಕೊರಡಿನ ಹಾಗೆ. ನಿಟ್ಟೂರಿನ ಕಡೆಯವಳು. ತಾಯಿ ತಂದೆ ದೇವಿಯ ಹೆಸರೆಂದು ಮೂಕಮ್ಮ ಎಂದಿಟ್ಟರೆ ಇವಳು ಅಕ್ಷರ ನೋಡಿ ಬಾಯಿಯೇ ಹೊಲಿದುಕೊಂಡಿದ್ದಾಳೆ. ಈ ಮನೆಯಲ್ಲಿ ಗಂಡಸಿಗೆ ರೋಷವಿಲ್ಲ, ಹೆಂಗಸಿಗೆ ನಾಲಿಗೆಯಿಲ್ಲ. ಎರಡನ್ನೂ ನಾನೇ ಹೊರಬೇಕು.

ಬುಧವಾರ, 14 ಡಿಸೆಂಬರ್

ಒಂದೇ ಯೋಚನೆ. ಹಿಂದಿನ ದಿನ ಮನೆಯಲ್ಲಿ ಸರಿಯಾಗಿದ್ದ ನಾಗಸ್ವರ ಅಲ್ಲಿ ಯಾಕೆ ಇಳಿಯಿತು? ಪೀಪಿ ನಾನೇ ಕೆತ್ತಿದ್ದು, ಅದರಲ್ಲಿ ಐಬಿಲ್ಲ. ಮಗನ ಬೆರಳಿನಲ್ಲಿಯೂ ಐಬಿಲ್ಲ.

ಇವತ್ತು ಕೊಡಕ್ಕೆ ನೀರು ತುಂಬಿಸುವಾಗ ಹೊಳೆಯಿತು. ಕೊಡ ಬರಿದಾಗಿದ್ದಾಗ ಸದ್ದು ದಪ್ಪ; ನೀರು ಏರಿದ ಹಾಗೆ ಸಣ್ಣಗಾಗುತ್ತ ಕಂಠಕ್ಕೆ ಬರುತ್ತದೆ. ಕಣ್ಣು ಮುಚ್ಚಿದರೂ ತುಂಬಿತೆಂದು ತಿಳಿಯುತ್ತದೆ. ಕೊಡ ಅದೇ, ತಾಮ್ರ ಅದೇ. ಬದಲಾದದ್ದು ಒಳಗೆ ಉಳಿದ ಗಾಳಿ. ಗಾಳಿಯ ಕಂಬ ಮೋಟಾದರೆ ಸ್ವರ ಏರುತ್ತದೆ. ನಾಗಸ್ವರದ ತೂತಿನ ಮೇಲಿನ ಬೆರಳೆತ್ತಿದರೂ ಅದೇ ಆಟ. ಇಷ್ಟು ವರ್ಷ ಹಾಡುತ್ತಿರುವುದು ಮರ ಎಂದುಕೊಂಡಿದ್ದೆ. ಮರ ಬರೀ ಗೋಡೆ. ಹಾಡುವುದು ಒಳಗಿನ ಗಾಳಿ.

ಹಾಗಾದರೆ ಆವತ್ತು ಆ ಗಾಳಿಗೇ ಏನೋ ಆಗಿರಬೇಕು. ಊದಿ ನೋಡಬೇಕು. ಊದುವವನು ಮೂಟೆ ಹೊರುತ್ತಿದ್ದಾನೆ.

ಭಾನುವಾರ, 18 ಡಿಸೆಂಬರ್

ಮಗ ಸಂತೆಗೆ ಹೋದ ಮೇಲೆ ಬಚ್ಚಲ ಬಾಗಿಲು ಹಾಕಿ ಸೊಸೆಯ ಕೈಗೆ ನಾಗಸ್ವರ ಕೊಟ್ಟೆ.

"ಊದು."

"ಅತ್ತೆ, ನಾನಾ? ಹೆಂಗಸ್ರು..."

"ನಂಗೆ ಹಲ್ಲಿಲ್ಲ, ಗಾಳಿ ಸೋರ್ತದೆ. ಇಲ್ದಿದ್ರೆ ನಿನ್ನ ಯಾರು ಕೇಳ್ತಿದ್ರು? ಸೇಡಿಗೆ ಮೈಲಿಗೆ ಇಲ್ಲ. ಊದು."

ಊದಿದಳು. ಬಂದದ್ದು ಉಗುಳು. ಆಮೇಲೆ ಬಾತುಕೋಳಿಯ ಕತ್ತು ಹಿಚುಕಿದ ಹಾಗೊಂದು ಸದ್ದು. ಕೂಸು ಬೆಚ್ಚಿ ಅತ್ತಿತು. ಮೂಕಮ್ಮ ನಕ್ಕಳು. ಅವಳ ಹಲ್ಲು ಕಂಡದ್ದು ಇವತ್ತೇ ಮೊದಲು.

ಮಂಗಳವಾರ, 27 ಡಿಸೆಂಬರ್

ಕತ್ತೆ ಸೊಸೆ ಪೀಪಿಯನ್ನು ನೀರಿನ ಲೋಟದಲ್ಲಿ ಇಡೀ ರಾತ್ರಿ ಬಿಟ್ಟಿದ್ದಾಳೆ. ಬೆಳಿಗ್ಗೆ ಬಂದು ಸಣ್ಣ ಮುಖ ಮಾಡಿ, "ಅತ್ತೆ, ಪೀಪಿ ಊದಿದೆ" ಎಂದಳು. ನೋಡಿದರೆ ತುಟಿಗಳೆರಡೂ ಜ್ವರ ಬಂದವರ ನಾಲಿಗೆಯ ಹಾಗೆ ಬಾತಿವೆ. ಊದಿದರೆ ಪುಸ್ ಎನ್ನುತ್ತದೆ, ನಡುಗುವುದೇ ಇಲ್ಲ. ತುಟಿ ನಡುಗದಿದ್ದರೆ ಒಳಗಿನ ಗಾಳಿ ಯಾಕೆ ಎದ್ದೀತು?

ಬೈದೆ. ಆಮೇಲೆ ಯೋಚಿಸಿದೆ. ಸುಬ್ಬರಾಯನ ಕೊಳವೆಗೂ ಒಂದು ಪೀಪಿ ಇರಲೇಬೇಕಲ್ಲ. ಅದೂ ನೀರು ಕುಡಿದರೆ?

ಬೈಗುಳ ಅರ್ಧಕ್ಕೇ ನಿಲ್ಲಿಸಿದೆ.

ಬುಧವಾರ, 4 ಜನವರಿ 1956

ಸಿಕ್ಕಿತು!

ನಾಗಸ್ವರವನ್ನು ಬಾವಿಕಟ್ಟೆಯ ಮಂಜಿನಲ್ಲಿ ಇಟ್ಟು ಬೆಳಿಗ್ಗೆ ಊದಿಸಿದೆ. ಪಕ್ಕದಲ್ಲಿ ದೇವರ ಗಂಟೆ ಬಡಿದೆ. ಗಂಟೆಯ ಸ್ವರ ಚಳಿಗೂ ಬಿಸಿಲಿಗೂ ಅಷ್ಟಾಗಿ ಜಗ್ಗುವುದಿಲ್ಲ. ನಾಗಸ್ವರ ಗಂಟೆಗಿಂತ ಇಳಿದಿತ್ತು. ಆಮೇಲೆ ಬಚ್ಚಲ ಒಲೆಯ ಹತ್ತಿರ ಇಟ್ಟು, ಬೆಚ್ಚಗಾದ ಮೇಲೆ ಊದಿಸಿದೆ. ಏರಿತು. ಬಿಸಿ ಗಾಳಿ ಚುರುಕು, ತಣ್ಣನೆಯ ಗಾಳಿ ಸೋಮಾರಿ. ಚಳಿಗೆ ಗಾಳಿಯೂ ಕಂಬಳಿ ಹೊದ್ದು ಕೂರುತ್ತದೆ, ನನ್ನ ಮಗನ ಹಾಗೆ.

ಇನ್ನೊಂದು. ಗಂಟೆ, ನಾಗಸ್ವರ ಎರಡೂ ಸ್ವರ ಹತ್ತಿರ ಬಂದಾಗ ನಡುವೆ ಒಂದು ನಡುಕ ಕೇಳುತ್ತದೆ, ವೊಂ ವೊಂ ವೊಂ ಎಂದು. ಹತ್ತಿರವಾದಷ್ಟೂ ನಡುಕ ನಿಧಾನ. ಪೂರಾ ಸೇರಿದಾಗ ನಿಂತುಬಿಡುತ್ತದೆ. ಮೂಕಮ್ಮನೇ ಅದನ್ನು ಮೊದಲು ಕೇಳಿದ್ದು. "ಅತ್ತೆ, ನಡುಗೋದು ನಿಂತ್ತು" ಎಂದಳು. ಕಿವಿ ಪರವಾಗಿಲ್ಲ.

ನಾಗಸ್ವರದ ಬುಡದಲ್ಲಿ ಬೆರಳಾಡದ ತೂತುಗಳಿವೆ, ಅವಕ್ಕೆ ಮೇಣ ತುಂಬಿರುತ್ತೇವೆ. ಮಂಜಿನಲ್ಲಿ ಇಳಿದಾಗ ಒಂದರ ಮೇಣ ಕಿತ್ತರೆ ಗಾಳಿಯ ಕಂಬ ಮೋಟಾಗಿ ಶ್ರುತಿ ಅಷ್ಟೇ ಅಷ್ಟು ಏರುತ್ತದೆ. ಮನೆಯವರು ಇದನ್ನು ಮಾಡುತ್ತಿದ್ದರು. ಮಗ ನೋಡಿಕೊಳ್ಳಲಿಲ್ಲ.

ಹಾರ್ಮೋನಿಯಮ್ಮಿನ ಒಳಗೆ ಹಿತ್ತಾಳೆಯ ಪಟ್ಟಿ, ಗಂಟೆಯ ಜಾತಿ. ಅದು ಇಳಿಯಲಿಲ್ಲ, ನಮ್ಮದು ಇಳಿಯಿತು, ಸರಿ. ಆದರೆ ಸುಬ್ಬರಾಯನದೂ ಕೊಳವೆಯೇ ಅಲ್ಲವೇ? ಅವನದು ಯಾಕೆ ಇಳಿಯಲಿಲ್ಲ?

ಮಂಗಳವಾರ, 17 ಜನವರಿ

ಕಣ್ಣು ತೋರಿಸಬೇಕೆಂದು ಸುಳ್ಳು ಹೇಳಿ ಬಸ್ಸು ಹತ್ತಿ ಸಾಗರಕ್ಕೆ ಹೋಗಿ ಬಂದೆ. ನನ್ನ ಕಣ್ಣು ಚೆನ್ನಾಗಿಯೇ ಇದೆ, ಅದರಿಂದಲೇ ನೋಡಿದೆ.

ಸುಬ್ಬರಾಯ ಪೇಟೆಯ ಒಂದು ಜಗಲಿಯಲ್ಲಿ ಅಭ್ಯಾಸ ಮಾಡುತ್ತಾನೆ. ಎದುರುಗಡೆ ಕಟ್ಟೆಯ ಮೇಲೆ ಎಲೆಯಡಿಕೆ ಹರಡಿ ಕೂತೆ. ಅವನ ಕೊಳವೆ ಒನಕೆಯ ಹಾಗೆ ಬುಡದಿಂದ ತುದಿಯವರೆಗೆ ಹೆಚ್ಚುಕಡಿಮೆ ಒಂದೇ ದಪ್ಪ. ತುದಿಯಲ್ಲಿ ಮಾತ್ರ ಸ್ವಲ್ಪ ಬಾಯಿ ಅಗಲ. ನಮ್ಮದು ಮೇಲಿನಿಂದಲೇ ಅಗಲವಾಗುತ್ತ ಬರುವಂಥದ್ದು. ಅದಕ್ಕೇ ಗುಣವೂ ಬೇರೆ. ನಮ್ಮದನ್ನು ಒತ್ತಿ ಊದಿದರೆ ಮೇಲಿನ 'ಸ'ಕ್ಕೆ ಏರುತ್ತದೆ. ಅವನದು ಅಲ್ಲಿ ನಿಲ್ಲದೆ ಇನ್ನೂ ಆಚೆಯ 'ಪ'ಕ್ಕೆ ಹಾರುತ್ತದೆ, ಒಂದು ಮೆಟ್ಟಿಲು ಮರೆತ ಕುಡುಕನ ಹಾಗೆ. ಪೀಪಿಯೂ ಒಂದೇ ತುಟಿ, ತೆಳ್ಳನೆಯ ಪಟ್ಟಿ. ಬಿಸಿಲೇರಿದ ಮೇಲೆ ಕೊಳವೆಯ ಕೀಲನ್ನು ಅಷ್ಟು ಎಳೆದು ಉದ್ದ ಮಾಡಿಕೊಂಡ. ಏರಿದ ಶ್ರುತಿ ಇಳಿಸುವುದಕ್ಕೆ. ಅಂದರೆ ಎಳೆದು ಇಳಿಸಬಹುದು.

ಅವನು ಕಾಫಿಗೆ ಎದ್ದಾಗ ಹಾರ್ಮೋನಿಯಮ್ಮಿನವನು ಎಲೆ ಕೇಳಿಕೊಂಡು ಬಂದ. ಉಮಾಮಹೇಶ್ವರ ಎಂದು ಹೆಸರು. ಬಾಯಿ ಸಡಿಲ.

"ನಿಮ್ಮ ರಾಯರು ಈ ಸೆಕೇಲೂ ಉಣ್ಣೆ ಕೋಟು ಎಂತಕ್ಕೆ ಹಾಕ್ಕಂಡಿದ್ದಾರೆ, ತಮ್ಮಾ?"

"ಅದು ಅವ್ರಿಗಲ್ಲ ಅಜ್ಜಿ, ಕ್ಲಾರಿಯೊನೆಟ್ಟಿಗೆ! ಬೆಳಗಿನ ಮದ್ವೇಲಿ ಕೋಟೊಳಗೇ ಇಟ್ಕಂಡಿರ್ತಾರೆ, ಮರಿ ಕೋತಿ ಹಂಗೆ. ತಂಪಾದ್ರೆ ಶ್ರುತಿ ಇಳೀತದೆ. ತೀರ್ಥಳ್ಳೀಲಿ ಒಬ್ಬ ಓಲಗದವನಿಗೆ ಭಾರಿ ಮಾಡಿದ್ರು ಮಾರಾಯ್ತಿ. ಅವ್ನನ್ನ ಚಪ್ಪರದಾಚೆ ಮಂಜಲ್ಲಿ ಕೂರ್ಸಿ ಅಂತ ಗೌಡ್ರಿಗೆ ಹೇಳಿದ್ದೇ ಇವ್ರು. ಆಮೇಲೆ ನೋಡ್ಬೇಕಿತ್ತು ನೀವು!"

ನೋಡಿದ್ದೇನಪ್ಪ, ಎಂದು ಮನಸ್ಸಿನಲ್ಲೇ ಹೇಳಿ ಇನ್ನೊಂದು ಎಲೆ ಮಡಿಸಿ ಕೊಟ್ಟೆ. ಸುಣ್ಣ ಜಾಸ್ತಿಯೇ ಸವರಿದ್ದೆ. ಅವನ ನಾಲಿಗೆ ಸುಟ್ಟಿರಬೇಕು. ಸುಡಲಿ.

ಬುಧವಾರ, 18 ಜನವರಿ

ಅನ್ನ ಸೇರಲಿಲ್ಲ. ತಿಳಿದೂ ಮಾಡಿದ.

ಸೋಮವಾರ, 6 ಫೆಬ್ರವರಿ

ಬಚ್ಚಲಲ್ಲಿ ಸದ್ದು ಬಡಿದು ಕಿವಿ ತೂತಾಗುತ್ತದೆಂದು ಈಗ ಹಿತ್ತಿಲಲ್ಲೇ ಊದಿಸುತ್ತೇನೆ. ಮೂಕಿಯ ಉಸಿರು ಉದ್ದ. ನಿಟ್ಟೂರಿನ ಗುಡ್ಡ ಹತ್ತಿ ಬೆಳೆದವಳಲ್ಲವೇ. ಕೆನ್ನೆ ಉಬ್ಬಿಸದೆ ಹೊಟ್ಟೆಯಿಂದ ತಳ್ಳು ಎಂದದ್ದನ್ನು ಒಂದೇ ಸಲಕ್ಕೆ ಹಿಡಿದಳು. ಪ್ರಯೋಗಕ್ಕೆ ಸ-ಪ-ಸ ಸಾಕಾಗಿತ್ತು. ಆದರೂ ಮನೆಯವರು ಬೆಳಿಗ್ಗೆ ಊದುತ್ತಿದ್ದುದನ್ನು ನಾನು ಬಾಯಲ್ಲಿ ಹೇಳಿಕೊಟ್ಟೆ. ಸುಮ್ಮನೆ, ಪೀಪಿ ಹದವಾಗಲಿ ಎಂದು. ಅದೊಂದು ತೊಂದರೆ: ಪೀಪಿ ಹದ ಮಾಡುವುದರಲ್ಲೇ ಹೊತ್ತು ಹೋಗಿ ಇವತ್ತು ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ.

ಮಗನಿಗೆ ಗೊತ್ತಾಗಿದೆ. ಬೇಲಿಯಾಚೆ ಸೌದೆ ಒಡೆಯುತ್ತಿದ್ದವನು ಕೊಡಲಿ ನಿಲ್ಲಿಸಿ, "ಆ ಮೂರನೇ ತೂತು ಪೂರ್ತಿ ಮುಚ್ಬೇಡ ಕಣೇ, ಅರ್ಧ, ಅರ್ಧ" ಎಂದು ಕೂಗಿದ. ಕೂಗಿ ಮತ್ತೆ ಸೌದೆ ಒಡೆದ. ಹೆಂಡತಿ ನಾಗಸ್ವರ ಮುಟ್ಟಿದಳೆಂದು ಬೈಯಬೇಕಾದವನು ತೂತು ಹೇಳಿಕೊಡುತ್ತಾನೆ. ಇವನಿಗೆ ರೋಷವೇ ಇಲ್ಲವೆಂದು ನಾನು ಬರೆದದ್ದು ಸುಳ್ಳಲ್ಲ.

ಸೋಮವಾರ, 20 ಫೆಬ್ರವರಿ

ಗುರುವಾರ ಹೊಸನಗರದ ಮದುವೆ. ಧಾರೆಗೆ ನಾಗಸ್ವರವೇ ಆಗಬೇಕೆಂದು ಗಣೇಶಮೂರ್ತಿಗಳ ತಾಯಿ ಹಟ ಹಿಡಿದಿದ್ದಾರಂತೆ. ಮುದುಕಿ ಬಾಳಲಿ. ಚಂದ್ರಯ್ಯ ಬರುತ್ತೇನೆಂದ, ಗಲ್ಲಿಗೆ ಹೋಗುವವನ ಮುಖ ಮಾಡಿಕೊಂಡು.

ಉಪಾಯ ಇದು. ಸುಬ್ಬರಾಯ ತಿಂಡಿಗೆ ಕೂತಾಗ ಮೂಕಿ ನೀರಿನ ನೆಪದಲ್ಲಿ ಪಕ್ಕದ ಕೋಣೆಗೆ ಹೋಗಬೇಕು. ಅವನ ಪೀಪಿಯನ್ನು ಬಿಸಿನೀರಿನಲ್ಲಿ ನೆನೆಹಾಕಿ, ಚೆನ್ನಾಗಿ ಬಾತ ಮೇಲೆ ಮೊದಲಿದ್ದ ಹಾಗೆ ಸಿಕ್ಕಿಸಬೇಕು. ಸಭೆಯಲ್ಲಿ ಪುಸ್ ಎನ್ನಲಿ.

"ಪಾಪ ಅಲ್ದಾ ಅತ್ತೆ?" ಎಂದಳು.

"ಪಾಪ ನಂದು, ನೀರು ನಿಂದು" ಎಂದೆ.

ಶುಕ್ರವಾರ, 24 ಫೆಬ್ರವರಿ

ಎಲ್ಲಿಂದ ಬರೆಯಲಿ. ಕನ್ನಡ ಭಾಷೆಗೆ ಬೆಂಕಿ ಬೀಳಲಿ!

ಎಲ್ಲ ಅಂದುಕೊಂಡ ಹಾಗೆಯೇ ಆಯಿತು. ಸುಬ್ಬರಾಯ ಕ್ಲಾರಿಯೊನೆಟ್ ಸಮೇತ ಕೋಟು ಬಿಚ್ಚಿ ಕೋಣೆಯಲ್ಲಿ ತೂಗುಹಾಕಿ ಉಪ್ಪಿಟ್ಟಿಗೆ ಕೂತ. ಮೂಕಿ ತಂಬಿಗೆ ಹಿಡಿದು ಒಳಗೆ ಹೋದಳು. ಡೋಲು ಬಡಿಯುತ್ತಿದ್ದುದರಿಂದ ಒಳಗಿನದೇನೂ ಕೇಳಲಿಲ್ಲ. ಬಂದವಳ ಕಣ್ಣು ಹೊಳೆಯುತ್ತಿತ್ತು. ನನ್ನ ಕಿವಿಯ ಹತ್ತಿರ ಬಾಗಿ ಹೇಳಿದಳು:

"ಅತ್ತೆ, ಪೀಪಿ ಊದಿದೆ."

ನನ್ನ ಜೀವ ತಂಪಾಯಿತು. ಎಲ್ಲರಿಗಿಂತ ಮುಂದೆ ಹೋಗಿ ಕೂತೆ.

ಸುಬ್ಬರಾಯ ಬಂದ, ತುಟಿಗಿಟ್ಟ, ಊದಿದ. ಎಣ್ಣೆ ಹುಯ್ದ ಹಾಗೆ ನುಣ್ಣನೆಯ ಸ್ವರ. ಪುಸ್ ಇಲ್ಲ, ಕಿಸ್ ಇಲ್ಲ. ಜನ ತಲೆದೂಗಿದರು. ನಾನು ಎದ್ದು ಹಿಂದೆ ಬಂದು ಮೂಕಿಯ ರೆಟ್ಟೆ ಹಿಡಿದೆ.

"ಊದಿದೆ ಅಂದ್ಯಲ್ಲೇ!"

"ಹೌದತ್ತೆ, ಊದಿದೆ. ನಾನೇ ಊದಿದೆ. ಎರಡೇ ಉಸ್ರು. ಒತ್ತಿ ಊದಿದ್ರೆ ಸೀದಾ ಆಚೆ 'ಪ'ಕ್ಕೆ ಹಾರ್ತದೆ, ನೀವು ಹೇಳಿದ್ದು ಸರಿಯೇ."

"ಮತ್ತೆ ನೀರಿಗೆ ಹಾಕೋದು?"

"ಮರ್ತೇ ಹೋಯ್ತು."

ಬಾತುಕೊಳ್ಳುವುದಕ್ಕೂ ಊದು, ಬಾಯಲ್ಲಿ ಊದುವುದಕ್ಕೂ ಊದು. ಎರಡಕ್ಕೂ ಒಂದೇ ಮಾತು ಮಾಡಿಟ್ಟ ಪುಣ್ಯಾತ್ಮ ಯಾರೋ. ಹೆಂಗಸೊಬ್ಬಳು ಬಂದು 'ಪೀಪಿ ಊದಿದೆ' ಎಂದರೆ 'ಬಾತಿದೆ' ಎಂದಲ್ಲದೆ ಇನ್ನು ಹೇಗೆ ತಿಳಿಯಲಿ? ನನ್ನ ಅತ್ತೆಯೂ, ಅವಳ ಅತ್ತೆಯೂ 'ನಾನು ಊದಿದೆ' ಎಂದು ಹೇಳಿದ್ದನ್ನು ಈ ಮನೆ ಕೇಳಿಲ್ಲ.

ಅವಳ ಕೆನ್ನೆಗೆ ಬಾರಿಸಬೇಕೆನ್ನುವಷ್ಟರಲ್ಲಿ ಧಾರೆಗೆ ಕರೆದರು. ನಾನು ಮತ್ತೆ ಸುಬ್ಬರಾಯನನ್ನೇ ನೋಡುತ್ತ ನಿಂತೆ. ಈಗಲಾದರೂ ಪೀಪಿ ಒಡೆಯಲಿ, ಕೀಲು ಕಳಚಲಿ ಎಂದು ಹರಕೆ ಹೊರುತ್ತಿದ್ದೆ. ಭಟ್ಟರು ಗಟ್ಟಿಮೇಳ ಎಂದು ಕೂಗಿದರು. ಕನ್ನಪ್ಪನ ಡೋಲು ಎದ್ದಿತು. ನಾಗಸ್ವರ ಏಳಲಿಲ್ಲ. ಒಂದು ಗಳಿಗೆ ಬರೀ ಡೋಲು.

ಆಮೇಲೆ ಎದ್ದಿತು. ಹಾರ್ಮೋನಿಯಮ್ಮಿನ ಪಕ್ಕಕ್ಕೆ ಬಂದು, ಒಂದೆರಡು ಸಲ ವೊಂ ವೊಂ ಎಂದು ನಡುಗಿ, ನಡುಕ ನಿಂತುಹೋಯಿತು. ಯಾವುದು ಪೆಟ್ಟಿಗೆ, ಯಾವುದು ನಾಗಸ್ವರ ಎಂದು ತಿಳಿಯದ ಹಾಗೆ. ಸುಬ್ಬರಾಯ ಕ್ಲಾರಿಯೊನೆಟ್ ಕೆಳಗಿಳಿಸಿ ನನ್ನ ಹಿಂದೆ ನೋಡುತ್ತಿದ್ದ. ನನ್ನ ಮಗ ಗೆದ್ದ ಎಂದು ತಿರುಗಿದೆ.

ಸೆರಗು ಸೊಂಟಕ್ಕೆ ಸಿಕ್ಕಿಸಿ ಊದುತ್ತಿದ್ದವಳು ಮೂಕಿ. ಚಂದ್ರಯ್ಯ ಪಕ್ಕದಲ್ಲಿ ತಾಳ ಹಾಕುತ್ತಿದ್ದ. ಅವನಿಗೆ ಬಾಯಿ ಒಣಗಿ ಪೀಪಿ ಹತ್ತಲಿಲ್ಲವಂತೆ; ಅವನೇ ಅವಳ ಕೈಗೆ ಕೊಟ್ಟನಂತೆ.

ಅಕ್ಷತೆ ಬಿದ್ದ ಮೇಲೆ ಸುಬ್ಬರಾಯ ಕೂಗಾಡಿದ. "ಹೆಂಗಸಿನ ಬಾಯಿಗೆ ಬಿದ್ದ ಮಂಗಳವಾದ್ಯ! ಇದೆಂತಾ ಮದ್ವೆ ಸ್ವಾಮಿ ನಿಮ್ದು?"

ಗಣೇಶಮೂರ್ತಿಗಳ ತಾಯಿ ಮಣೆಯಿಂದಲೇ ಹೇಳಿದರು: "ತಾಳಿ ಕಟ್ಟಿ ಆಯ್ತಪ್ಪ. ಈಗ ಎಂತಾ, ಬಿಚ್ಚೋದಾ?"

ಜನ ನಕ್ಕರು. ಆದರೆ ಅದು ಮುದುಕಿಯ ಮಾತಿಗೆ ನಕ್ಕದ್ದು. ಅವನು ಶ್ರುತಿ ತಪ್ಪಲಿಲ್ಲ, ಅವನ ತಲೆ ತಗ್ಗಲಿಲ್ಲ. ನನ್ನ ಸೇಡು ಎಲೆ ಹಾಕಿಸಿಕೊಂಡು ಹಸಿದೇ ಎದ್ದಿತು.

ಗಾಡಿಯಲ್ಲಿ ಬರುವಾಗ ಮೂಕಿಗೆ ಬೆನ್ನು ಹಾಕಿ ಕೂತೆ. ಚಳಿಯಿತ್ತು. ನನ್ನ ಕಂಬಳಿ ತೆಗೆದು ಅವಳಿಗೆ ಹೊದಿಸಿದೆ. ಅವಳಿಗಲ್ಲ, ನಾಗಸ್ವರ ಅವಳ ಮಡಿಲಲ್ಲಿತ್ತು, ತಂಪಾಗಬಾರದೆಂದು.

ಸೋಮವಾರ, 5 ಮಾರ್ಚ್

ಹೆಂಗಸಿನ ಬಾಯಿ ತಾಗಿದ ಓಲಗ ಇರುವಲ್ಲಿ ತಾನು ಕೂರುವುದಿಲ್ಲ ಎಂದು ಸುಬ್ಬರಾಯ ಸಾಗರದಿಂದ ಹುಂಚದವರೆಗೆ ಸಾರಿಕೊಂಡು ಬಂದಿದ್ದಾನೆ. ಹುಂಚದ ಪುಷ್ಪದಂತ ಶೆಟ್ಟರ ಮನೆಯಲ್ಲಿ ಫಾಲ್ಗುಣದಲ್ಲಿ ಮದುವೆ. ಅವರು ಕನ್ನಪ್ಪನ ಕೈಯಲ್ಲಿ ಹೇಳಿಕಳಿಸಿದ್ದಾರೆ: ಎರಡು ಮೇಳ ಬೇಡ, ಜಗಳ ಬೇಡ, ಒಬ್ಬರೇ ಸಾಕು, ಯಾರೆಂದು ನೀವು ನೀವೇ ತೀರ್ಮಾನಿಸಿಕೊಂಡು ತಿಳಿಸಿ.

"ಮೂಕಿ ಊದ್ಲಿ ಅವ್ವ, ನಾನು ತಾಳ ಹಾಕ್ತೀನಿ" ಎಂದ ಮಗ. ಗಿರಣಿಗೆ ಹೋಗಲಿಲ್ಲ ಇವತ್ತು. ಗಂಡಹೆಂಡಿರು ಬೆಳಗಿನಿಂದ ಹಿತ್ತಿಲಲ್ಲಿ ಊದಿ ಊದಿ ತಲೆ ತಿನ್ನುತ್ತಿದ್ದಾರೆ. ಕೂಸು ಆ ಸದ್ದಿಲ್ಲದೆ ಈಗ ನಿದ್ದೆಯನ್ನೇ ಮಾಡುವುದಿಲ್ಲ.

ನನಗೆ ಅದೆಲ್ಲ ಬೇಡ. ನನಗೆ ಬೇಕಾದದ್ದು ಸುಬ್ಬರಾಯನ ಶ್ರುತಿ ಇಳಿಯುವುದು, ಅದೂ ನೀರಿಗೆ ಹಾಕುವ ಕಳ್ಳತನವಿಲ್ಲದೆ, ಹಗಲು ಬೆಳಕಿನಲ್ಲಿ. ದಾರಿ ನನಗೆ ಸಿಕ್ಕಿದೆ. ಅವನ ಕೊಳವೆಯನ್ನು ಎಳೆದು ಇಳಿಸಬಹುದು, ಏರಿಸುವುದಕ್ಕೆ ದಾರಿಯಿಲ್ಲ. ಅದಕ್ಕೆ ಮೇಣದ ತೂತಿಲ್ಲ. ಮಂಜಿನಲ್ಲಿ ಎರಡೂ ಇಳಿಯುತ್ತವೆ. ನಮ್ಮದು ಒಂದು ಚೂರು ಮೇಣ ಕಿತ್ತರೆ ಎದ್ದು ನಿಲ್ಲುತ್ತದೆ. ಅವನದು ಇಳಿದಲ್ಲೇ ಕೂತಿರುತ್ತದೆ. ಇದು ನನಗೂ ಗೊತ್ತು, ಅವನಿಗೂ ಗೊತ್ತು. ಅವನಿಗೆ ಕಾರ್ಡು ಹಾಕಿ ಸವಾಲು ಕರೆಯುತ್ತೇನೆ; ಊದುವವಳೆಂದು ಮೂಕಿಯ ಹೆಸರು ಹಾಕಲು ಹಿಂದೆಮುಂದೆ ನೋಡಲಿಲ್ಲ. ಅವಳಷ್ಟು ಬೇಗ ನಡುಕ ನಿಲ್ಲಿಸುವವರು ಈ ಮೂರು ತಾಲ್ಲೂಕಿನಲ್ಲಿ ಯಾರಿದ್ದಾರೆ? ನಾಳೆಯ ಟಪಾಲಿಗೆ ಹಾಕುವ ಕಾರ್ಡು ಇದು. ತಪ್ಪಿಲ್ಲದೆ ಬರಲೆಂದು ಮೊದಲು ಇಲ್ಲಿ ಬರೆದು ನೋಡುತ್ತಿದ್ದೇನೆ:

ಸುಬ್ಬರಾಯರೇ,

ಹುಂಚಕ್ಕೆ ಬನ್ನಿ. ಮದುವೆಯ ಹಿಂದಿನ ಸಂಜೆ ನಿಮ್ಮ ಕ್ಲಾರಿಯೊನೆಟ್ಟನ್ನೂ ನಮ್ಮ ನಾಗಸ್ವರವನ್ನೂ ಶೆಟ್ಟರ ಅಂಗಳದಲ್ಲಿ ಒಂದೇ ಚಾಪೆಯ ಮೇಲೆ ಬಿಡೋಣ, ಬೆಳಗಿನವರೆಗೆ ಯಾರೂ ಮುಟ್ಟುವುದು ಬೇಡ. ಉಣ್ಣೆ ಕೋಟು ಸಾಗರದಲ್ಲೇ ಇರಲಿ, ಪ್ರಯಾಣದಲ್ಲಿ ಸುಕ್ಕಾಗುತ್ತದೆ. ಬೆಳಗಿನ ಜಾವ ನಿಮ್ಮದೇ ಹಾರ್ಮೋನಿಯಂ ನಡುವೆ ಇಟ್ಟು ಊದೋಣ. ಯಾರ ಸ್ವರ ಮೊದಲು ಅದರ ಜೊತೆ ಕೂಡುತ್ತದೋ ಅವರು ಚಪ್ಪರದೊಳಗೆ, ಇನ್ನೊಬ್ಬರು ಮನೆಗೆ. ತೀರ್ಪು ಶೆಟ್ಟರದ್ದು.

ನಮ್ಮ ಕಡೆಯಿಂದ ಊದುವವಳು ನನ್ನ ಸೊಸೆ ಮೂಕಮ್ಮ. ಹೆಂಗಸಿನೆದುರು ಊದುವುದಿಲ್ಲ ಎಂದಾದರೆ ಹಾಗೆಂದು ನಿಮ್ಮ ಕೈಯಾರೆ ಬರೆದು ಸಹಿ ಹಾಕಿ. ಆ ಕಾರ್ಡನ್ನು ಚಪ್ಪರದ ಮುಂಗಂಬಕ್ಕೆ ನಾನೇ ಅಂಟಿಸುತ್ತೇನೆ, ಬಂದವರೆಲ್ಲ ಓದಿಕೊಂಡು ಊಟಕ್ಕೆ ಹೋಗಲಿ. ಬರುತ್ತೀರೋ, ಹೆದರುತ್ತೀರೋ, ಎರಡರಲ್ಲಿ ಒಂದು ಹೇಳಿ. ಫಾಲ್ಗುಣ ಹುಟ್ಟುವುದರೊಳಗೆ ಉತ್ತರ ಬರೆಯಿರಿ.